ಕೊಂಬಿನ ನಿಯಮ

ಪೆಟ್ಟು ತಿಂದವರು ಸುಳ್ಳು ಹೇಳುತ್ತಾರೆ. "ಏನೂ ಆಗಿಲ್ಲ, ಆಡ್ತೀನಿ" ಅನ್ನುತ್ತಾರೆ. ಅವರನ್ನು ಕೇಳುವುದು ಬಿಟ್ಟು ಅವರ ತಲೆಯನ್ನೇ ಕೇಳಿದರೆ ಹೇಗೆ ಅಂತ ಎಲ್ಲೋ ಒಬ್ಬ ಪುಣ್ಯಾತ್ಮನಿಗೆ ಹೊಳೆಯಿತಂತೆ. ಅವನು ಕೂತು ಒಂದು ಪಟ್ಟಿ ಮಾಡಿದ. ಬಟ್ಟೆಯ ಪಟ್ಟಿ, ಅದರೊಳಗೆ ಹುಣಸೆಬೀಜದಷ್ಟು ಒಂದು ಮಣಿ. ಆಡುವವರು ಅದನ್ನು ಹಣೆಗೆ ಕಟ್ಟಿಕೊಳ್ಳಬೇಕು, ಮಣಿ ಕಿವಿಯ ಹಿಂದೆ ಕೂರಬೇಕು. ತಲೆಗೆ ಏಟು ಬಿದ್ದರೆ ಒಳಗಿನ ಮಿದುಳು ಗಡಿಗೆಯ ಮೊಸರಿನ ಹಾಗೆ ಅಲುಗುತ್ತದೆ. ಎಷ್ಟು ಅಲುಗಿತು ಅಂತ ಮಣಿ ಧಾರವಾಡಕ್ಕೆ ಹೇಳುತ್ತದೆ, ಧಾರವಾಡ ನಮ್ಮ ಮೈದಾನದ ಕಂಬದ ಮೇಲಿನ ದೀಪಕ್ಕೆ ಹೇಳುತ್ತದೆ. ಹಸಿರು ಇದ್ದರೆ ಆಡು. ಕೆಂಪು ಬಂದರೆ ಆವತ್ತಿನ ಆಟ ಮುಗಿಯಿತು, ಡಾಕ್ಟರ ಹತ್ತಿರ ನಡಿ. ಒಂದರ ಬೆನ್ನಿಗೆ ಇನ್ನೊಂದು ಏಟು ಬಿದ್ದರೆ ಮಣಿ ಎರಡನ್ನೂ ಕೂಡಿಸುತ್ತದೆ, ಯಾಕೆಂದರೆ ಅಲುಗಿದ ಮೊಸರನ್ನು ಮತ್ತೆ ಅಲುಗಿಸಿದರೆ ಅದು ಮಜ್ಜಿಗೆ.

ಈ ಪಟ್ಟಿ ಇಲ್ಲದೆ ಯಾವ ಸಂಘವೂ ಆಡುವ ಹಾಗಿಲ್ಲ ಅಂತ ಕಾನೂನು ಬಂತು. ಬೆಟಗೇರಿಯ ನಮ್ಮ ಬನ್ನಿಗಿಡ ಕಬಡ್ಡಿ ಸಂಘಕ್ಕೂ ಹನ್ನೆರಡು ಪಟ್ಟಿ ಬಂದವು. ಹುಡುಗಿಯರು ಅವನ್ನು ಕಟ್ಟಿಕೊಂಡು ಕನ್ನಡಿ ಮುಂದೆ ನಿಂತ ಚಂದಕ್ಕೆ ಕನ್ನಡಿಯೇ ನಾಚಿ ಮಂಜಾಯಿತು.

ನಾನು ಫಕ್ಕೀರವ್ವ. ಆ ಹನ್ನೆರಡು ಜನರ ಅಂಗಿ ಒಗೆಯುವವಳು. ಮೈದಾನದ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಓದಿದ್ದು ಎರಡನೇ ಇಯತ್ತೆ. ಮಾಸ್ತರು ತೀರಿಕೊಂಡರು ಅಂತ ಬಿಟ್ಟೆ, ಅವರು ತೀರಿಕೊಂಡದ್ದೇ ನನಗೆ ಕಲಿಸಿ ಕಲಿಸಿ ಅಂತ ಓಣಿಯವರು ಹೇಳುತ್ತಾರೆ. ಗಂಡ ಯಲ್ಲಪ್ಪ ಇದೇ ಸಂಘಕ್ಕೆ ಮಣ್ಣಿನ ಅಂಕಣದಲ್ಲಿ ಇಪ್ಪತ್ತು ವರ್ಷ ಆಡಿದವನು. ಅವನು ಹೋಗಿ ಹದಿನಾರು ವರ್ಷ. ಮಕ್ಕಳಾಗಲಿಲ್ಲ. ಅಂದಿನಿಂದ ಈ ಕೋಣೆಯಲ್ಲಿ ಮಾತಾಡುವುದು ನಾನು, ಕೇಳುವುದು ಗೋಡೆ. ಕೇಳಿ ಕೇಳಿ ಸಾಕಾಗಿ ಗೋಡೆ ಎರಡು ಕಡೆ ಬಿರಿದಿದೆ.

ಗೋಡೆಯ ಹೊರತು ನನ್ನ ಮಾತಿಗೆ ಎದುರು ಮಾತಾಡುತ್ತಿದ್ದವಳು ಒಬ್ಬಳೇ, ದ್ರಾಕ್ಷಾಯಣಿ. ನೇಕಾರರ ಮನೆಯ ಹುಡುಗಿ, ಇಪ್ಪತ್ತು ವರ್ಷ, ನಮ್ಮ ತಂಡದಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳೇ ಮೊದಲು. ಸಂಜೆ ಆಟ ಮುಗಿಸಿ ನೇರ ನನ್ನ ಕೋಣೆಗೆ ಬರುತ್ತಿದ್ದಳು. ಮನೆಯಲ್ಲಿ ಮಗ್ಗದ ಸದ್ದು, ಇಲ್ಲಿ ನನ್ನ ಸದ್ದು. ಎರಡರಲ್ಲಿ ನಿನ್ನದೇ ವಾಸಿ ಅನ್ನುತ್ತಿದ್ದಳು.

"ಏ ಹುಳಿ ದ್ರಾಕ್ಷಿ, ಬಂದ್ಯಾ? ನಿನಗ ರೊಟ್ಟಿ ಬಡದು ಬಡದು ನನ್ನ ಕೈ ರೊಟ್ಟಿ ಆಗ್ಯಾವು."

"ಏ ಮುದುಕಿ, ಹಂಗಾರ ಕೈನೇ ಕೊಡು, ಪಲ್ಯಾ ಹಚ್ಚಿ ತಿಂತೀನಿ."

ಹೀಗೆ. ಅವಳು ನನ್ನನ್ನು ಮುದುಕಿ ಅಂದಾಗಲೆಲ್ಲ ನನಗೆ ಹತ್ತು ವರ್ಷ ಕಡಿಮೆಯಾಗುತ್ತಿತ್ತು. ಅವಳು ಇನ್ನೊಂದು ವರ್ಷ ಹಾಗೇ ಅಂದಿದ್ದರೆ ನಾನು ತೊಟ್ಟಿಲಿಗೆ ಹೋಗಬೇಕಾಗುತ್ತಿತ್ತು.

ಪಟ್ಟಿ ಬಂದ ಮೊದಲ ತಿಂಗಳಲ್ಲೇ ಒಂದು ಪೇಚು ಹುಟ್ಟಿತು. ಕಂಬದ ದೀಪ ಎರಡು ದಿನಕ್ಕೊಮ್ಮೆ ಕೆಂಪಾಗತೊಡಗಿತು. ಅಭ್ಯಾಸದ ಹೊತ್ತಿನಲ್ಲೇ, ಅದೂ ನಗುನಗುತ್ತ ನಿಂತ ಹುಡುಗಿಯರಿಗೆ. ಹನ್ನೆರಡರಲ್ಲಿ ಎಂಟು ಜನ ಡಾಕ್ಟರ ಚೀಟಿ ಹಿಡಿದು ಗೋಡೆಗೆ ಒರಗಿ ಕೂತರು. ಕೋಚ್ ಸೋಮಲಿಂಗಪ್ಪ ಒಳ್ಳೆಯ ಮನುಷ್ಯ, ಆದರೆ ದೀಪ ನೋಡಿ ನೋಡಿ ಅವನ ಕಣ್ಣೂ ಕೆಂಪಾದವು.

"ಫಕ್ಕೀರವ್ವ, ಧಾರವಾಡಕ್ಕ ಬರಾಕ ಹೇಳ್ಯಾರ. ಅಭ್ಯಾಸ ದಿನಾ ನೋಡೋರು ಒಬ್ರು ಬೇಕಂತ. ನೀನ ನಡಿ" ಅಂದ.

"ನಾ ಬಂದ್ರ ಧಾರವಾಡ ತಡಕೊಳ್ಳತೈತೇನಪಾ?"

"ಧಾರವಾಡ ಮಳಿ ತಡಕೊಂಡೈತಿ, ನಿನ್ನ ತಡಕೊಳ್ಳಾಂಗಿಲ್ಲೇನು?"

ಹೋದೆವು. ದೊಡ್ಡ ಕೋಣೆ, ಒಳಗೆ ನೀರಿನ ಗಡಿಗೆಯಲ್ಲಿ ಕೂತ ಹಾಗೆ ತಂಪು. ಒಂದು ಗೋಡೆಯ ತುಂಬ ಪರದೆ. ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಬೆಳಕಿನ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ತಲೆ. ಈ ಸೀಮೆಯ ಇನ್ನೂರು ಮೈದಾನಗಳಲ್ಲಿ ಆ ಕ್ಷಣಕ್ಕೆ ಆಡುತ್ತಿದ್ದ ತಲೆಗಳು. ಅವುಗಳ ಮುಂದೆ ನಾಲ್ಕೇ ಜನ, ಯಾರೂ ಯಾರ ಜೊತೆಗೂ ಮಾತಿಲ್ಲ. ಇಷ್ಟು ತಲೆ ಇಟ್ಟುಕೊಂಡು ಇಷ್ಟು ಒಂಟಿಯಾಗಿ ಕೂತವರನ್ನು ನಾನು ನೋಡಿರಲಿಲ್ಲ.

ಅವರಲ್ಲೊಬ್ಬಳು ಮೃದುಲಾ. ಮೈಸೂರಿನ ಕಡೆಯವಳು, ಲೆಕ್ಕ ಹಾಕುವ ಯಂತ್ರಕ್ಕೆ ಬುದ್ಧಿ ಹೇಳುವ ಕೆಲಸ ಅವಳದು. ನಮ್ಮ ಹುಡುಗಿಯರ ಗೆರೆಗಳನ್ನು ತೋರಿಸಿದಳು.

"ನೋಡಿಮ್ಮ, ಒಂದು ಏಟು. ಅದಾದ ಮೇಲೆ ಅರ್ಧ ನಿಮಿಷದಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು. ಎರಡೂ ಸೇರಿ ಕೆಂಪಾಗ್ತಿದೆ. ಯಾವಾಗಲೂ ಜೋಡಿ, ಜೋಡಿ. ಇದನ್ನ ಮಾಡಿದವರ ದೇಶದಲ್ಲಿ ಹೀಗೆ ಆಗೋದೇ ಇಲ್ವಂತೆ. ಮಣಿಯಲ್ಲಿ ಏನೋ ಪ್ರತಿಧ್ವನಿ ಬರ್ತಿದೆ ಅಂತಾರೆ."

ನಾನು ಆ ಜೋಡಿ ಗೆರೆಗಳನ್ನು ನೋಡಿದೆ. ಹೊಟ್ಟೆಯೊಳಗಿಂದ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ.

"ಪ್ರತಿಧ್ವನಿ ಅಲ್ಲ ಯವ್ವಾ. ಕೊಂಬು!"

"ಕೊಂಬಾ?"

"ತೆಲಿಗೆ ತೆಲಿ ಡಿಕ್ಕಿ ಹೊಡದ್ರ ಇನ್ನೊಮ್ಮೆ ಹೊಡಿಬೇಕಲ್ಲ. ಇಲ್ಲಾಂದ್ರ ಕೊಂಬು ಬರ್ತಾವಲ್ಲ!"

ಮೃದುಲಾ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ನಮ್ಮಜ್ಜಿ ನಂದೂ ನಮ್ಮಣ್ಣಂದೂ ತಲೆ ಹಿಡಿದು ಎರಡನೇ ಸಲ ಕುಟ್ಟಿಸೋರು. ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ, ಹೊಳೀಲೇ ಇಲ್ವಲ್ಲ!" ಅಂತ ಅವಳೂ ನಕ್ಕಳು. ಆ ತಂಪು ಕೋಣೆಯಲ್ಲಿ ಆ ವರ್ಷದ ಮೊದಲ ನಗು ಅದೇ ಇರಬೇಕು, ಉಳಿದ ಮೂವರು ಬೆಂಕಿ ಬಿದ್ದ ಹಾಗೆ ತಿರುಗಿ ನೋಡಿದರು.

ಆಮೇಲೆ ಅವಳು ಬೆರಳುಗಳನ್ನು ಯಂತ್ರದ ಮೇಲಿಟ್ಟು ಗಂಭೀರವಾಗಿ ಕೇಳಿದಳು. "ಎಲ್ಲರೂ ಮಾಡ್ತಾರಾಮ್ಮ? ಪ್ರತಿ ಸಲ? ಅಂದಾಜು ಹೇಳಿ ಸಾಕು."

ಅವತ್ತು ನಾನು ನೆಟ್ಟಗೆ ಉತ್ತರ ಕೊಡಬೇಕಿತ್ತು. ಹತ್ತರಲ್ಲಿ ಏಳು ಜನ ಮಾಡುತ್ತಾರೆ. ಅಭ್ಯಾಸದಲ್ಲಿ ಮಾಡುತ್ತಾರೆ, ತಮ್ಮ ತಮ್ಮಲ್ಲೇ ಮಾಡುತ್ತಾರೆ. ಪಂದ್ಯದಲ್ಲಿ ಯಾರಿಗೂ ಕೊಂಬಿನ ನೆನಪಿರುವುದಿಲ್ಲ. ಇಷ್ಟೂ ನನಗೆ ಗೊತ್ತಿತ್ತು. ಆದರೆ ಧಾರವಾಡದ ಕುರ್ಚಿ, ಕೇಳುವುದಕ್ಕೆ ಒಂದು ಓದಿದ ಹುಡುಗಿ, ಹದಿನಾರು ವರ್ಷದಿಂದ ಗೋಡೆಗೆ ಹೇಳಿದವಳು ನಾನು. ಬಾಯಿಗೆ ಹಬ್ಬವಾಯಿತು.

"ಅಂದಾಜು ಯಾಕಬೇ? ನೂರಕ್ಕ ನೂರು! ಒಮ್ಮೆ ಡಿಕ್ಕಿ ಹೊಡದು ಸುಮ್ನ ಹೋದಾಕಿ ನಮ್ಮೂರಾಗ ಇನ್ನೂ ಹುಟ್ಟಿಲ್ಲ. ಎಮ್ಮಿ ಸುದ್ದಾ ಎರಡು ಸಲ ಹಾಯತಾವ."

"ಎಮ್ಮೆಗೆ ಆಗಲೇ ಕೊಂಬಿದಾವಲ್ಲಮ್ಮ?"

"ಮೊದಲ ಎಮ್ಮಿ ಒಮ್ಮೆ ಹಾಯ್ದು ಬಿಟ್ಟಿತ್ತು, ಅದಕ್ಕ ಬಂದಾವ!"

ಮೃದುಲಾ ಕಣ್ಣೊರೆಸಿಕೊಂಡು ಬರೆದುಕೊಂಡಳು. ವಾರದಲ್ಲಿ ಯಂತ್ರಕ್ಕೆ ಹೊಸ ಬುದ್ಧಿ ಬಂತು. ಮೊದಲ ಏಟಿನ ಒಂದು ನಿಮಿಷದೊಳಗೆ ಅದಕ್ಕಿಂತ ಚಿಕ್ಕ ಏಟು ಬಿದ್ದರೆ ಅದನ್ನು ಬಿಟ್ಟುಬಿಡು. ಆ ಬುದ್ಧಿಗೆ ಅವರ ಕೋಣೆಯಲ್ಲಿ 'ಕೊಂಬಿನ ನಿಯಮ' ಅಂತ ಹೆಸರಾಯಿತಂತೆ. ನಮ್ಮ ದೀಪ ಹಸಿರಾಯಿತು, ಹುಡುಗಿಯರು ಮ್ಯಾಟಿಗೆ ಇಳಿದರು. ಸರ್ಕಾರ ನನ್ನನ್ನು ಕೂರಿಸಿ ಕೇಳಿ ಕಾನೂನು ಬರೆಯಿತು ಅಂತ ನಾನು ಓಣಿಯಲ್ಲಿ ಹೇಳಿದೆ. ಮಾರನೆಯ ವಾರ ಹೇಳುವಾಗ ಮಂತ್ರಿಯೂ ಬಂದು ನನ್ನ ಕೈಯ ಚಹಾ ಕುಡಿದಿದ್ದ.

ಪಂದ್ಯ ಬಂದದ್ದು ಮಾಘದಲ್ಲಿ. ಅಣ್ಣಿಗೇರಿಯ ತಂಡದ ಜೊತೆ, ನಮ್ಮ ಮೈದಾನದಲ್ಲೇ. ಹತ್ತು ದಿನ ಬಿಟ್ಟು ಹುಬ್ಬಳ್ಳಿಯಲ್ಲಿ ರೈಲ್ವೆ ತಂಡಕ್ಕೆ ಹುಡುಗಿಯರನ್ನು ಆರಿಸುವವರಿದ್ದರು, ದ್ರಾಕ್ಷಾಯಣಿಯ ಹೆಸರು ಆಗಲೇ ಹೋಗಿತ್ತು. ಆರಿಸಿಕೊಂಡರೆ ನೌಕರಿ. ಮಗ್ಗದ ಮನೆಯಿಂದ ಹೊರಗೆ ಬರುವ ಒಂದೇ ಬಾಗಿಲು ಅದು ಅಂತ ಅವಳು ನನಗೆ ಎಷ್ಟೋ ಸಲ ಹೇಳಿದ್ದಳು.

ಆಟ ಅರ್ಧ ಆಗಿತ್ತು. ದ್ರಾಕ್ಷಾಯಣಿ ಎದುರಿನ ಅಂಕಣಕ್ಕೆ ನುಗ್ಗಿ ಒಬ್ಬಳನ್ನು ಮುಟ್ಟಿ ನಡುಗೆರೆಗೆ ಹಾರಿದಳು. ಹಾರುವಾಗ ಅಣ್ಣಿಗೇರಿಯ ಒಬ್ಬಳ ಮೊಣಕಾಲು ಅವಳ ಕಪಾಳಕ್ಕೆ ತಾಗಿತು. ಎದ್ದಳು. ಗೆರೆ ಮುಟ್ಟಿದ್ದಳು, ಅಂಕ ಬಂತು, ಎಲ್ಲರೂ ಕೂಗಿದರು. ದೀಪ ಹಸಿರು. ಕೂಡಲೇ ಅವರ ಹುಡುಗಿ ನಮ್ಮ ಅಂಕಣಕ್ಕೆ ಬಂದಳು, ದ್ರಾಕ್ಷಾಯಣಿ ಅವಳ ಕಾಲು ಹಿಡಿದಳು, ಇಬ್ಬರೂ ಉರುಳಿದರು, ಆ ಹುಡುಗಿಯ ಮೊಣಕೈ ದ್ರಾಕ್ಷಾಯಣಿಯ ಅದೇ ಕಪಾಳಕ್ಕೆ ಬಿತ್ತು. ಅದು ಮೊದಲಿನಷ್ಟು ಜೋರಿರಲಿಲ್ಲ. ದೀಪ ಹಸಿರೇ.

ನಾನು ಎಂದಿನ ಹಾಗೆ ಗೆರೆಯ ಹೊರಗಿಂದ ಕೂಗಿದೆ. "ಏ ಹುಳಿ ದ್ರಾಕ್ಷಿ! ಆಡಾಕ ಬಂದೀಯೋ, ಮಲಗಾಕ ಬಂದೀಯೋ?"

ಅವಳು ನನ್ನ ಕಡೆ ತಿರುಗಿದಳು. ಬಿಸಿಲಿಗೆ ಕೈ ಅಡ್ಡ ಹಿಡಿದಳು, ಸೂರ್ಯ ಅವಳ ಬೆನ್ನಿಗಿದ್ದ.

"ಹೂನ್ರೀ ಆಯಿ" ಅಂದಳು. "ಆಡ್ತೀನ್ರೀ."

ಆ ರೀ ನಾನು ಮೊದಲೊಮ್ಮೆ ಕೇಳಿದ್ದೆ.

ಯಲ್ಲಪ್ಪನಿಗೆ ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಚಹಾ ಕೊಟ್ಟಾಗ ಅವನು "ಯಾಕ್ರೀ ತ್ರಾಸ ತಗೊಂಡ್ರಿ" ಅಂದಿದ್ದ. ಮೂವತ್ತು ವರ್ಷ ಲೇ ಅಂದವನ ಬಾಯಲ್ಲಿ ರೀ! ನಾನು ನಕ್ಕೆ. ನನ್ನ ಗಂಡ ಸಾಹೇಬ ಆಗ್ಯಾನ ಅಂತ ಓಣಿಯವರನ್ನೆಲ್ಲ ನಗಿಸಿದೆ. ಆರು ತಿಂಗಳು ನಗಿಸಿದೆ. ಆಮೇಲೆ ಒಂದು ದಿನ ಅವನು ನನ್ನ ಮುಖವನ್ನೇ ನೋಡುತ್ತ "ನೀವು ಯಾರ ಮನಿಯವರ್ರೀ?" ಅಂದ. ಆಟದ ಪೆಟ್ಟುಗಳಿಂದ ಇರಬಹುದು ಅಂದರು ಒಬ್ಬ ಡಾಕ್ಟರು, ಹೇಳಲಿಕ್ಕೆ ಬರುವುದಿಲ್ಲ ಅಂದರು ಇನ್ನೊಬ್ಬರು. ನನಗೆ ಗೊತ್ತಿದ್ದದ್ದು ಇಷ್ಟೇ. ನನ್ನನ್ನು ಬಲ್ಲವರು ನನಗೆ ಮರ್ಯಾದೆ ಕೊಡುವುದಿಲ್ಲ.

"ಸೋಮಲಿಂಗಾ, ಆಕಿನ್ನ ಹೊರಗ ಕರಿ" ಅಂದೆ.

"ಯಾಕಬೇ? ಹಸಿರು ಐತಿ ನೋಡು."

"ದೀಪ ಒಗಿ ಅತ್ತ. ಹುಡುಗಿನ್ನ ನೋಡು. ನನಗ ರೀ ಅಂದ್ಲು."

"ಮರ್ಯಾದಿ ಕೊಟ್ರ ತೆಲಿಗೆ ಪೆಟ್ಟು ಅಂತಾರೇನು? ನಾಳೆ ರೈಲ್ವೆದವ್ರಿಗೆ ಏನ್ ಹೇಳ್ಲಿ? ಮಣಿಗಿಂತ ನಿನಗ ಹೆಚ್ಚು ತಿಳಿತೈತೇನು?" ಅವನು ಕಂಬದ ಕಡೆಗೇ ನೋಡುತ್ತಿದ್ದ. ಎಲ್ಲರೂ ಕಂಬದ ಕಡೆಗೇ ನೋಡುತ್ತಿದ್ದರು. ಸಾವಿರ ಜನ ಇದ್ದರು ಅಂತ ನಾನು ಹೇಳುವವಳು, ಇದ್ದದ್ದು ನೂರೈವತ್ತು. ಆ ನೂರೈವತ್ತರಲ್ಲಿ ಹುಡುಗಿಯ ಮುಖ ನೋಡುತ್ತಿದ್ದವಳು ನಾನೊಬ್ಬಳೇ. ಆಗ ಆದಷ್ಟು ಒಂಟಿ ನಾನು ಯಲ್ಲಪ್ಪನ ಚಿತೆಯ ಮುಂದೆಯೂ ಆಗಿರಲಿಲ್ಲ.

ಅಂಗಿ ನೆನೆಸಿದ ಬುಟ್ಟಿ ಕಂಕುಳಲ್ಲಿತ್ತು. ಹಾಗೇ ನಡೆದು ಹೋಗಿ ಮ್ಯಾಟಿನ ನಟ್ಟನಡುವೆ ಕೂತುಬಿಟ್ಟೆ. ರೆಫರಿ ಸೀಟಿ ಊದಿದ. ಅಣ್ಣಿಗೇರಿಯ ಹುಡುಗಿಯರು ನಕ್ಕರು. "ಅಜ್ಜಿನೂ ಆಡ್ತಾಳಂತ, ಪಟ್ಟಿ ಕಟ್ರಿ!"

"ಏಳಬೇ ಮಾರಾಯ್ತಿ, ಅವ್ರಿಗೆ ಪುಕ್ಕಟೆ ಅಂಕ ಹೋಗತಾವ!" ಅಂತ ಸೋಮಲಿಂಗಪ್ಪ ತಲೆ ತಲೆ ಚಚ್ಚಿಕೊಂಡ.

"ನೂರು ಅಂಕ ಹೋಗ್ಲಿ. ಎತ್ತಿ ಒಗದ್ರೂ ಮತ್ತ ಬಂದು ಕುಂದರ್ತೀನಿ."

ಆಟ ನಿಂತಿತು. ಆಟಗಾರ್ತಿಯರಿಗೆ ತಮ್ಮ ತಮ್ಮ ಬೆಂಚಿಗೆ ಹೋಗಲು ರೆಫರಿ ಹೇಳಿದ. ದ್ರಾಕ್ಷಾಯಣಿ ನಿಧಾನವಾಗಿ ನಡೆದಳು. ನಡೆದು ಅಣ್ಣಿಗೇರಿಯವರ ಬೆಂಚಿನ ಮೇಲೆ ಕೂತಳು. ಪಕ್ಕದ ಹುಡುಗಿಯ ಕೈಯಿಂದ ಬಾಟಲಿ ತೆಗೆದುಕೊಂಡು ನೀರು ಕುಡಿದು, ಅವಳ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು.

ನಗು ನಿಂತಿತು. ಆ ಹುಡುಗಿ ಅಲುಗದೆ ಕೂತು, ಅಳುವ ದನಿಯಲ್ಲಿ, "ಅಕ್ಕಾರ, ಯಾರರ ಬರ್ರಿ" ಅಂದಳು. ಸೋಮಲಿಂಗಪ್ಪ ಕಂಬದಿಂದ ಕಣ್ಣು ಕಿತ್ತು ದ್ರಾಕ್ಷಾಯಣಿಯನ್ನು ನೋಡಿದ, ಓಡಿದ. ಆಸ್ಪತ್ರೆ ಮುಟ್ಟುವುದರೊಳಗೆ ಅವಳು ಎರಡು ಸಲ ವಾಂತಿ ಮಾಡಿಕೊಂಡಳು.

ತಲೆಯ ಚಿತ್ರ ತೆಗೆದರು. ರಕ್ತ ಸೋರಿಲ್ಲ ಅಂದರು. "ಇನ್ನೊಂದು ಏಟು ಬಿದ್ದಿದ್ರೆ ನಾನು ಹೀಗೆ ಮಾತಾಡ್ತಿರಲಿಲ್ಲ" ಅಂದರು ಡಾಕ್ಟರಮ್ಮ. ಎರಡು ದಿನ ಪೂರ್ತಿ ವಿಶ್ರಾಂತಿ, ಸದ್ದಿರಬಾರದು, ಫೋನು ಬೇಡ. ಆಮೇಲೆ ಸ್ವಲ್ಪ ಸ್ವಲ್ಪ ನಡಿಗೆ, ಆಮೇಲೆ ಓಟ, ಆಮೇಲೆ ಅಭ್ಯಾಸ. ಒಂದೊಂದು ಮೆಟ್ಟಿಲಿನಲ್ಲೂ ತಲೆನೋವು ಬಂದರೆ ಹಿಂದಕ್ಕೆ. ಅವಳ ಮನೆಯಲ್ಲಿ ನಾಲ್ಕು ಮಗ್ಗ ಬೆಳಗಾದರೆ ಬಡಿಯುತ್ತವೆ. ಹಾಗಾಗಿ ನನ್ನ ಕೋಣೆಗೆ ಕರೆತಂದರು.

ಮೃದುಲಾ ಮರುದಿನವೇ ಬಂದಳು. ಅವಳ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಹೊಸ್ತಿಲ ಹೊರಗೆ ಕೂತು ಪಿಸುದನಿಯಲ್ಲಿ ಹೇಳಿದಳು.

"ಎರಡನೇ ಏಟನ್ನ ಯಂತ್ರ ಬಿಟ್ಟುಬಿಟ್ಟಿದೆ ಅಮ್ಮ. ಕೊಂಬಿನ ಡಿಕ್ಕಿ ಅಂತ. ಅದನ್ನ ಕೂಡಿಸಿದ್ದಿದ್ರೆ ಕೆಂಪು ಬರ್ತಿತ್ತು."

"ನಾ ನೂರಕ್ಕ ನೂರು ಅಂದಿದ್ನೆಲ್ಲ."

"ನಾನು ಬಂದು ಒಂದು ಪಂದ್ಯ ನೋಡಬೇಕಿತ್ತು. ನಿಮ್ಮ ತಪ್ಪಲ್ಲ."

"ಅರ್ಧ ನಂದು" ಅಂದೆ. "ಅರ್ಧ ಅಂದ್ರ ಅರ್ಧನ. ಈ ಸಲ ಹೆಚ್ಚಿಗಿ ಹೇಳಾಕತ್ತಿಲ್ಲ."

ಆ ನಿಯಮವನ್ನು ಅವಳು ಆವತ್ತೇ ಅಳಿಸಿದಳು. ಹುಡುಗಿಯರಿಗೆ ಎರಡನೇ ಡಿಕ್ಕಿ ಬಿಡಿಸುವ ಕೆಲಸ ನನಗೆ ಬಿತ್ತು. ಕೊಂಬು ಬಂದರೆ ನಾನೇ ಗರಗಸ ತಂದು ಕೊಯ್ಯುತ್ತೇನೆ ಅಂತ ಭಾಷೆ ಕೊಟ್ಟೆ. ಮೃದುಲಾ ಇನ್ನೊಂದು ಕೆಲಸ ಮಾಡಿದಳು. ಮಣಿಗೆ ಏಟು ಗೊತ್ತಾಗುತ್ತದೆ, ಮನುಷ್ಯರು ಬದಲಾದದ್ದು ಗೊತ್ತಾಗುವುದಿಲ್ಲ ಅಂತ ತನ್ನ ಮೇಲಿನವರೊಡನೆ ಜಗಳಾಡಿ, ಪೆಟ್ಟಾದ ಪ್ರತಿ ಆಟಗಾರರಿಗೂ ಅವರನ್ನು ಬಲ್ಲ ಒಬ್ಬ ಸಾಕ್ಷಿ ಇರಬೇಕು ಅಂತ ಮಾಡಿಸಿದಳು. ಮೊದಲ ಸಾಕ್ಷಿ ನಾನು. ಬೆಲ್ಲದ ಅಚ್ಚಿನಷ್ಟು ಒಂದು ಪೆಟ್ಟಿಗೆ ನನ್ನ ಗೂಡಿನಲ್ಲಿ ಕೂತಿತು. ದಿನಾ ಬೆಳಿಗ್ಗೆ ಎಂಟಕ್ಕೆ ಅದು ಹೆಣ್ಣು ದನಿಯಲ್ಲಿ ಕೇಳುತ್ತದೆ: "ದ್ರಾಕ್ಷಾಯಣಿ ಮೊದಲಿನ ಹಾಗೆ ಇದ್ದಾರೆಯೇ?" ಹೌದು ಅಥವಾ ಇಲ್ಲ ಅನ್ನಬೇಕು. ಬೇರೆ ಏನು ಹೇಳಿದರೂ ಅದು ಮತ್ತೆ ಅದನ್ನೇ ಕೇಳುತ್ತದೆ. ಒಂದು ಮಾತು ಕೇಳಿದರೆ ಒಂದು ಗಾಡಿ ಮಾತು ಕೊಡುವವಳಿಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕೆ?

ಮೊದಲ ಎರಡು ದಿನ ನಾನು ಕೋಣೆಯೊಳಗೆ ಮಾತಾಡಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಅವಳ ಪಕ್ಕ ಕೂತೆ. ಬಾಗಿಲಾಚೆ ಹುಡುಗಿಯರು ಬಂದು ಸನ್ನೆ ಮಾಡಿ ಹೋದರು. ಅವಳು ನಿದ್ದೆ ಮಾಡಿದಳು, ಎದ್ದಳು, ಗಂಜಿ ಕುಡಿದಳು, "ಉಪಕಾರ ಆತ್ರೀ" ಅಂದಳು. ಒಬ್ಬಳೇ ಇದ್ದಾಗ ಕೋಣೆ ಅಷ್ಟು ಖಾಲಿ ಇರಲಿಲ್ಲ.

ಐದನೆಯ ದಿನಕ್ಕೆ 'ರೀ' ಹೋಯಿತು. ಆರನೆಯ ದಿನ ನಡೆದಳು, ಏಳಕ್ಕೆ ಮೈದಾನದ ಸುತ್ತ ಮೆಲ್ಲಗೆ ಓಡಿದಳು. ಪೆಟ್ಟಿಗೆ ಅವಳಿಗೆ ಕೇಳುವ ಪ್ರಶ್ನೆಗಳು ಬೇರೆ ಇದ್ದವು; ಹತ್ತು ಶಬ್ದ ನೆನಪಿಟ್ಟು ಹೇಳು, ಅಂಕಿ ಹಿಂದು ಮುಂದಾಗಿ ಹೇಳು. ಅವೆಲ್ಲ ಪಾಸಾದಳು. ಒಂಬತ್ತನೆಯ ದಿನ ಬೆಳಿಗ್ಗೆ ಪೆಟ್ಟಿಗೆಗಿಂತ ಮೊದಲು ಎದ್ದು ನನ್ನ ಎದುರು ಕೂತಳು.

"ಆಯಿ, ನಾಳೆ ಹುಬ್ಬಳ್ಳಿ. ಹೌದು ಅನ್ನು."

ಹಿಂದಿನ ದಿನ ಅವಳು ನಳಕ್ಕೆ ಹೋಗಿ ಕೊಡ ಅಲ್ಲೇ ಬಿಟ್ಟು ಬಂದಿದ್ದಳು. ನನ್ನ ಬಾಗಿಲಿನ ಚಿಲಕವನ್ನು ಎಡಗಡೆ ಹುಡುಕಿದ್ದಳು, ಅದು ಹುಟ್ಟಿದಾಗಿನಿಂದ ಬಲಕ್ಕಿದೆ. ನಾನು ಹೇಳಿದ ಚೇಷ್ಟೆಗೆ ನಕ್ಕಿದ್ದಳು, ಆದರೆ ಒಂದು ಉಸಿರು ತಡವಾಗಿ, ಬೇರೆಯವರು ನಕ್ಕದ್ದನ್ನು ನೋಡಿ ನಕ್ಕ ಹಾಗೆ.

"ಹತ್ತು ಶಬ್ದ ಹೆಂಗ ಹೇಳಿದಿ?" ಅಂದೆ.

ಅವಳು ತಲೆ ತಗ್ಗಿಸಿದಳು. "ದಿನಾ ಅವ ಶಬ್ದ ಕೇಳತೈತಿ. ಬಾಯಿಪಾಠ ಮಾಡೀನಿ."

"ತೆಲಿ ನೋಯತೈತಿ?"

"ಇಲ್ಲ."

"ದ್ರಾಕ್ಷೀ."

"ಓಡಿದ್ರ ಒಂಚೂರು. ನೋಯ್ಲಿ ಬಿಡು. ನಂದು ತೆಲಿ. ನಿನಗ ಏನ್ ಹೋಗತೈತಿ? ಒಂದು ಹೌದು ಅನ್ನಾಕ ನಿನಗ ಇಷ್ಟು ಬಿಗಿ! ಊರೆಲ್ಲ ಸುಳ್ಳು ಹೇಳಿಕೊಂಡು ತಿರಗತೀ, ನನ್ನ ಸಲುವಾಗಿ ಒಂದು ಸುಳ್ಳು ಹೇಳಾಕ ಆಗಂಗಿಲ್ಲೇನು?"

ಪೆಟ್ಟಿಗೆ ಕೇಳಿತು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

"ಇಲ್ಲ" ಅಂದೆ.

ಅವಳು ಕೈ ಬಿಟ್ಟಳು. ಹಾಸಿಗೆ ಸುತ್ತಿದಳು, ಮಗ್ಗದ ಮನೆಗೆ ಹೋದಳು. ಹೋಗುವಾಗ ಬಾಗಿಲು ಹಾಕಲಿಲ್ಲ, ಬಡಿಯಲೂ ಇಲ್ಲ. ಹುಬ್ಬಳ್ಳಿಯಲ್ಲಿ ಬೇರೆಯವರನ್ನು ಆರಿಸಿಕೊಂಡರು. ಆವತ್ತಿನಿಂದ ಅವಳು ನನ್ನ ಕೋಣೆಗೆ ಬರಲಿಲ್ಲ. ನಳದ ಹತ್ತಿರ ಎದುರಾದರೆ ನೀರಿನ ಜೊತೆ ಮಾತಾಡುವವಳ ಹಾಗೆ ಕೊಡವನ್ನೇ ನೋಡುತ್ತಿದ್ದಳು. ಹುಡುಗಿಯರು ನನಗೆ ಅಂಗಿ ಕೊಟ್ಟು ಹೋಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಅಭ್ಯಾಸ ಮುಗಿದ ಸಂಜೆಗಳಲ್ಲಿ ರೊಟ್ಟಿ ಬಡಿಯಲು ಕೂತರೆ ಇಬ್ಬರಿಗಾಗುವಷ್ಟು ಹಿಟ್ಟು ಕಲೆಸಿರುತ್ತಿದ್ದೆ. ಕೈಗೆ ಯಾರು ಹೇಳಬೇಕು?

ಆದರೂ ಸಾಕ್ಷಿ ನಾನೇ. ದಿನಾ ದೂರದಿಂದ ನೋಡುತ್ತಿದ್ದೆ. ಓಡುವಾಗ, ನೀರು ತರುವಾಗ, ಅವರ ಮನೆಯ ಕಿಟಕಿಯಿಂದ. ದಿನಾ ಎಂಟಕ್ಕೆ ಪೆಟ್ಟಿಗೆ ಕೇಳುತ್ತಿತ್ತು, ನಾನು ಇಲ್ಲ ಅನ್ನುತ್ತಿದ್ದೆ. ಇಡೀ ದಿನದಲ್ಲಿ ನನ್ನನ್ನು ಏನಾದರೂ ಕೇಳುವ ದನಿ ಅದೊಂದೇ ಆಗಿತ್ತು. ಎಂಟಾಗುವುದನ್ನು ನಾನು ಕಾಯತೊಡಗಿದ್ದೆ ಅಂತ ಹೇಳಿಕೊಳ್ಳಲು ನಾಚಿಕೆ, ಆದರೆ ಅದು ನಿಜ.

ಇಪ್ಪತ್ತನಾಲ್ಕನೆಯ ದಿನ, ಮಂಗಳವಾರ, ಕಿಟಕಿಯಿಂದ ನೋಡಿದೆ. ದ್ರಾಕ್ಷಾಯಣಿ ಮಗ್ಗದ ಮುಂದೆ ಕೂತಿದ್ದಳು. ಹತ್ತಾರು ಎಳೆ ಒಟ್ಟಿಗೆ ಹರಿದಿದ್ದವು. ಅವಳ ಚಿಕ್ಕಮ್ಮ ಹಿಂದೆ ನಿಂತು ಏನೋ ಕೊಂಕು ತೆಗೆಯುತ್ತಿದ್ದಳು. ದ್ರಾಕ್ಷಾಯಣಿ ತಿರುಗಿ ಅವಳಿಗೆ ಒಂದಕ್ಕೆ ನಾಲ್ಕು ಉತ್ತರ ಕೊಡುತ್ತ, ಆ ಕಡೆ ನೋಡದೆಯೇ, ಬೆರಳಿನಿಂದ ಎಳೆ ಹುಡುಕಿ, ಸರಿಯಾದ ಸಂದಿನಲ್ಲಿ ತೂರಿಸಿ, ಹೊಸೆದು, ಮತ್ತೊಂದಕ್ಕೆ ಹೋಗುತ್ತಿದ್ದಳು. ಒಂದೂ ತಪ್ಪಲಿಲ್ಲ. ಚಿಕ್ಕಮ್ಮ ಸೋತು ಒಳಗೆ ಹೋದಳು.

ನಾನು ಅಲ್ಲಿಯೇ ಗೋಡೆ ಹಿಡಿದು ನಿಂತೆ. ಮೊದಲಿನ ಹುಡುಗಿ ತಿರುಗಿ ಬಂದಿದ್ದಳು.

ಬುಧವಾರ ಎಂಟಕ್ಕೆ ಪೆಟ್ಟಿಗೆ ಕೇಳಿತು. ನಾನು ಇಲ್ಲ ಅಂದೆ.

ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆ. ಆ 'ಇಲ್ಲ' ಅವಳ ತಲೆಗಾಗಿ ಅಲ್ಲ, ನನಗಾಗಿ. ಸಿಕಂದರಾಬಾದಿನಲ್ಲಿ ಮತ್ತೊಂದು ಆಯ್ಕೆ ಇದೆ, ಡಾಕ್ಟರ ಚೀಟಿ ಸಿಕ್ಕರೆ ಅವಳು ಹೋಗುತ್ತಾಳೆ ಅಂತ ಸೋಮಲಿಂಗಪ್ಪ ಹೇಳಿದ್ದ. ನನ್ನ ಜೊತೆ ಮಾತು ಬಿಟ್ಟರೂ ಅವಳು ಇದೇ ಊರಿನ ನಳಕ್ಕೆ ಬರಲಿ, ನನ್ನನ್ನು ನೋಡದೆ ಕೊಡ ತುಂಬಿಕೊಳ್ಳಲಿ, ಅಷ್ಟಾದರೂ ಇರಲಿ ಅನ್ನಿಸಿತು. ಒಂದು ದಿನ. ಹಾಗೆ ಒಂದೊಂದೇ ದಿನ ಅನ್ನುತ್ತ ಎಷ್ಟು ದಿನ ಬೇಕಾದರೂ ಅನ್ನಬಹುದಿತ್ತು. ಪೆಟ್ಟಿಗೆಗೆ ಏನು ಗೊತ್ತಾಗುತ್ತದೆ? ಅದು ನನ್ನನ್ನು ನಂಬುತ್ತದೆ.

ಆ ಇಡೀ ದಿನ ಒಗೆದ ಅಂಗಿಯನ್ನೇ ಮತ್ತೆ ಒಗೆದೆ.

ಗುರುವಾರ ಎಂಟಕ್ಕೆ ಅದು ಕೇಳಿತು. "ಹೌದು" ಅಂದೆ. ಮೆಲ್ಲಗೆ ಅಂದದ್ದು ಅದಕ್ಕೆ ಕೇಳಿಸಲಿಲ್ಲ, ಮತ್ತೆ ಕೇಳಿತು. "ಹೌದವ್ವಾ, ಹೌದು." ಪೆಟ್ಟಿಗೆ "ನಿಮ್ಮ ಸಾಕ್ಷಿ ಮುಗಿಯಿತು, ಧನ್ಯವಾದಗಳು" ಅಂದಿತು. ಅದರ ಹಣೆಯ ಮೇಲಿನ ಸಣ್ಣ ಬೆಳಕು ಆರಿತು. ಡಾಕ್ಟರಮ್ಮ ಪೂರ್ತಿ ಪರೀಕ್ಷೆ ಮಾಡಿ, ಒಂದು ವಾರ ಅಭ್ಯಾಸ ಮಾಡಿಸಿ ನೋಡಿ, ಚೀಟಿ ಬರೆದರು.

ಹೊರಡುವ ದಿನ ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು. ಹೆಗಲಿಗೆ ಚೀಲ. ತಿರುವಿನಲ್ಲಿ ಆಟೊ ನಿಂತಿತ್ತು, ಅದರಲ್ಲಿ ಸೋಮಲಿಂಗಪ್ಪ. ಅವಳು ಒಳಗೆ ಬರಲಿಲ್ಲ, ನಾನು ಬಾ ಅನ್ನಲಿಲ್ಲ.

"ಹೌದು ಅಂದಿಯಂತ."

"ಅಂದೆ."

"ಆವತ್ತು ಯಾಕ ಅನ್ನಲಿಲ್ಲ? ಅಷ್ಟು ಕೈ ಹಿಡಕೊಂಡು ಕೇಳಿದ್ನೆಲ್ಲ."

"ಆವತ್ತು ನೀ ಇದ್ದಿದ್ದಿಲ್ಲ."

"ಇವತ್ತ ಅದೀನೇನು?"

"ಇವತ್ತ ಅದೀ. ಅದಕ್ಕ ಹೊಂಟೀ."

ದ್ರಾಕ್ಷಾಯಣಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಆಟೊದವನು ಹಾರ್ನ್ ಹೊಡೆದ, ಅವಳು ಓಡಿದಳು.